ಚಾಲಕರ ತೂಕಡಿಕೆ ಮತ್ತು ವಾಹನದೊಳಗಿನ ಎಚ್ಚರಿಕೆ ಸಾಧನಗಳು: ಒಂದು ಅವಲೋಕನ

ದಿನಾಂಕ 28-06-2024ರ ಮುಂಜಾನೆ ಸುಮಾರು 4 ಗಂಟೆಯ ವೇಳೆಗೆ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ವಾಹನವು ಹಿಂದಿನಿಂದ ಡಿಕ್ಕಿ ಹೊಡೆದು 13 ಮಂದಿ ಮೃತಪಟ್ಟರು. ದೇವರ ದರ್ಶನ ಮುಗಿಸಿಕೊಂಡು ಭದ್ರಾವತಿ ತಾಲ್ಲೂಕಿನ ತಮ್ಮ ಊರಿಗೆ ಮರಳುತ್ತಿದ್ದವರು ಅವರು. ಚಾಲಕನು ನಿದ್ರೆಯ ಮಂಪರಿಗೆ ಒಳಗಾಗಿರಬಹುದೆಂಬ ಶಂಕೆ ಅಂದೇ ವ್ಯಕ್ತವಾಗಿತ್ತು.

ಇಲ್ಲಿ ಶಂಕೆ ಎಂಬ ಪದವನ್ನು ಗಮನಿಸತಕ್ಕದ್ದು. ಮದ್ಯ ಸೇವಿಸಿದ್ದಲ್ಲಿ ಅದು ಉಸಿರಿನಲ್ಲಿ ಅಥವಾ ರಕ್ತದಲ್ಲಿ ಪತ್ತೆಯಾಗುತ್ತದೆ. ತೂಕಡಿಕೆಯು ಅಂತಹ ಯಾವ ಗುರುತನ್ನೂ ಉಳಿಸುವುದಿಲ್ಲ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಮಂದಿ ಮೃತಪಟ್ಟಿರುತ್ತಾರೆ. ಈ ವರದಿಯು ಅಪಘಾತಗಳನ್ನು ಅತಿವೇಗ, ಮದ್ಯಪಾನ, ವಿರುದ್ಧ ದಿಕ್ಕಿನ ಚಾಲನೆ, ಕೆಂಪು ದೀಪದ ಉಲ್ಲಂಘನೆ, ಮೊಬೈಲ್ ಬಳಕೆ ಎಂದು ವರ್ಗೀಕರಿಸುತ್ತದೆ. ನಿದ್ರೆಗೆಂದು ಪ್ರತ್ಯೇಕ ಕಾಲಂ ಇಲ್ಲ. ಬ್ರೇಕ್ ಹಾಕದೆ ನೇರವಾಗಿ ಹೋಗಿ ಬಡಿದ ವಾಹನವು ಬಹುಪಾಲು 'ಅತಿವೇಗ' ಎಂಬ ಶೀರ್ಷಿಕೆಯಡಿಯೇ ಸೇರಿಹೋಗುತ್ತದೆಂದು ಊಹಿಸಲು ಕಾರಣಗಳಿವೆ. ಲೆಕ್ಕಕ್ಕೆ ಸಿಗದ ಕಾರಣವು ಪರಿಹಾರಕ್ಕೂ ತಡವಾಗಿ ಸಿಗುತ್ತದೆ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುತ್ತಿರುವ ವಾಹನವು ಸೆಕೆಂಡಿಗೆ 22 ಮೀಟರಿಗಿಂತ ಹೆಚ್ಚು ದೂರ ಕ್ರಮಿಸುತ್ತದೆ. ಚಾಲಕನ ಕಣ್ಣು 4 ಸೆಕೆಂಡುಗಳ ಕಾಲ ಮುಚ್ಚಿದಲ್ಲಿ ವಾಹನವು ಸುಮಾರು 89 ಮೀಟರ್ ದೂರವನ್ನು ಯಾರ ನಿಯಂತ್ರಣವೂ ಇಲ್ಲದೆ ಸಾಗಿರುತ್ತದೆ. ತಾನು ನಿದ್ರಿಸಿದೆನೆಂಬ ಅರಿವು ಅನೇಕ ವೇಳೆ ಚಾಲಕನಿಗೇ ಇರುವುದಿಲ್ಲ. ರಾತ್ರಿ 2ರಿಂದ 5 ಗಂಟೆಯ ಅವಧಿಯಲ್ಲಿ ದೇಹವು ಸ್ವಭಾವತಃ ನಿದ್ರೆಯನ್ನು ಬಯಸುವುದರಿಂದ, ಅನುಭವಿ ಚಾಲಕರೂ ಇದಕ್ಕೆ ಹೊರತಲ್ಲ.

ಈ ಹಿನ್ನೆಲೆಯಲ್ಲಿ ವಾಹನದೊಳಗೆ ಅಳವಡಿಸುವ ತೂಕಡಿಕೆ ಎಚ್ಚರಿಕೆ ಸಾಧನಗಳು ಚರ್ಚೆಗೆ ಬಂದಿವೆ. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸ್ಟೀರಿಂಗ್ ತಿರುಗಿಸುವ ರೀತಿಯನ್ನೂ, ವಾಹನವು ತನ್ನ ಪಥದಲ್ಲಿ ಎಷ್ಟು ಓಲಾಡುತ್ತಿದೆ ಎಂಬುದನ್ನೂ ಗಮನಿಸುತ್ತದೆ. ಎಚ್ಚರವಿರುವ ಚಾಲಕನು ಸ್ಟೀರಿಂಗನ್ನು ಸಣ್ಣ ಸಣ್ಣದಾಗಿ ಸರಿಪಡಿಸುತ್ತಲೇ ಇರುತ್ತಾನೆ. ತೂಕಡಿಸುವವನು ಕೆಲಕಾಲ ಸುಮ್ಮನಿದ್ದು ಒಮ್ಮೆಲೇ ತಿರುಗಿಸುತ್ತಾನೆ. ವೋಲ್ವೋ ಸಂಸ್ಥೆಯು 2007ರಲ್ಲಿ, ಮರ್ಸಿಡಿಸ್ ಬೆಂಝ್ ಸಂಸ್ಥೆಯು 2009ರಲ್ಲಿ ತಮ್ಮ ಕಾರುಗಳಲ್ಲಿ ಇಂತಹ ವ್ಯವಸ್ಥೆಯನ್ನು ನೀಡಿದವು. ಎರಡನೆಯದು ಚಾಲಕನ ಮುಖದ ಮೇಲೆಯೇ ದೃಷ್ಟಿಯಿಡುವ ಕ್ಯಾಮೆರಾ. ಕತ್ತಲಿನಲ್ಲಿಯೂ ಕಾಣುವಂತೆ ಅದು ಅವರಕ್ತ ಕಿರಣಗಳನ್ನು ಬಳಸುತ್ತದೆ. ಒಂದು ನಿಮಿಷದಲ್ಲಿ ಎಷ್ಟು ಹೊತ್ತು ರೆಪ್ಪೆಗಳು ಶೇ. 80ಕ್ಕಿಂತ ಹೆಚ್ಚು ಮುಚ್ಚಿದ್ದವು ಎಂಬುದನ್ನು ಅಳೆದು, ಮಿತಿ ಮೀರಿದಲ್ಲಿ ಶಬ್ದ ಅಥವಾ ಕಂಪನದ ಮೂಲಕ ಎಚ್ಚರಿಸುತ್ತದೆ.

ಐರೋಪ್ಯ ಒಕ್ಕೂಟದಲ್ಲಿ ಈ ಎಚ್ಚರಿಕೆ ವ್ಯವಸ್ಥೆಯನ್ನು 2022ರ ಜುಲೈನಿಂದ ಹೊಸ ಮಾದರಿಗಳಿಗೂ, 2024ರ ಜುಲೈನಿಂದ ಮಾರಾಟವಾಗುವ ಎಲ್ಲ ಹೊಸ ಕಾರು, ಬಸ್ಸು ಮತ್ತು ಲಾರಿಗಳಿಗೂ ಕಡ್ಡಾಯಗೊಳಿಸಲಾಗಿದೆ. ನಮ್ಮ ದೇಶದಲ್ಲಿ ಇದಕ್ಕಾಗಿ ಎಐಎಸ್-184 ಎಂಬ ಮಾನದಂಡವನ್ನು ರೂಪಿಸಲಾಗಿದ್ದು, ದೊಡ್ಡ ಪ್ರಯಾಣಿಕ ಹಾಗೂ ಸರಕು ವಾಹನಗಳಲ್ಲಿ ಇದರ ಅಳವಡಿಕೆಯನ್ನು ಪ್ರಸ್ತಾಪಿಸಿ 2025ರ ಮಾರ್ಚ್‌ನಲ್ಲಿ ಕೇಂದ್ರ ಸಚಿವಾಲಯವು ಕರಡು ಅಧಿಸೂಚನೆ ಹೊರಡಿಸಿತು.

ಆದರೆ ಬೇರೆಡೆಯ ನಿಯಮವನ್ನು ಇದ್ದಂತೆಯೇ ತಂದಲ್ಲಿ ಪೂರ್ಣ ಪ್ರಯೋಜನವಾಗದು. ಐರೋಪ್ಯ ನಿಯಮದಂತೆ ವ್ಯವಸ್ಥೆಯು ಗಂಟೆಗೆ 70 ಕಿ.ಮೀ. ಮೀರಿದ ವೇಗದಲ್ಲಿ ಕಾರ್ಯ ನಿರ್ವಹಿಸಿದರೆ ಸಾಕು. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ಭಾರ ಹೊತ್ತ ಲಾರಿಯು ಅಷ್ಟು ವೇಗವನ್ನು ಮುಟ್ಟುವುದೇ ಇಲ್ಲ. ಅಲ್ಲಿ ಪ್ರಪಾತಕ್ಕುರುಳಲು 30 ಕಿ.ಮೀ. ವೇಗವೇ ಸಾಕಾಗುತ್ತದೆ. ಪಥದ ಬಿಳಿ ಗೆರೆ ಅಳಿಸಿಹೋದ ರಸ್ತೆಯಲ್ಲಿ ಓಲಾಟವನ್ನು ಅಳೆಯುವುದು ಕಷ್ಟಸಾಧ್ಯ. ಗುಂಡಿ ತಪ್ಪಿಸಲು ಸ್ಟೀರಿಂಗ್ ತಿರುಗಿಸಿದ್ದನ್ನೂ ಸಾಧನವು ತೂಕಡಿಕೆಯೆಂದು ಭಾವಿಸುವ ಸಂಭವವುಂಟು. ಸುಳ್ಳು ಎಚ್ಚರಿಕೆಗಳು ಹೆಚ್ಚಾದಲ್ಲಿ ಚಾಲಕರು ಕ್ಯಾಮೆರಾಕ್ಕೆ ಬಟ್ಟೆ ಮುಚ್ಚುತ್ತಾರೆ. ವೇಗ ನಿಯಂತ್ರಕಗಳ ವಿಷಯದಲ್ಲಿ ಏನಾಯಿತೆಂಬುದು ವಾಹನ ಮಾಲೀಕರಿಗೆ ತಿಳಿಯದ ಸಂಗತಿಯೇನಲ್ಲ.

ಇದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಎಚ್ಚರಿಕೆಯ ಶಬ್ದವಾದ ನಂತರ ಚಾಲಕನು ಏನು ಮಾಡಬೇಕು? ವಾಹನ ನಿಲ್ಲಿಸಿ ಮಲಗಬೇಕೆಂಬುದೇ ಸರಿಯಾದ ಉತ್ತರ. ಕಿಟಕಿ ತೆರೆಯುವುದಾಗಲಿ, ಹಾಡು ಹಾಕುವುದಾಗಲಿ ನಿದ್ರೆಯನ್ನು ಕೆಲವು ನಿಮಿಷ ಮುಂದೂಡಬಹುದೇ ಹೊರತು ತಡೆಯಲಾರದು. ಆದರೆ ಬೆಳಗಿನ ಮಾರುಕಟ್ಟೆಗೆ ತರಕಾರಿ ತಲುಪಿಸದಿದ್ದಲ್ಲಿ ಬಾಡಿಗೆಯಲ್ಲಿ ಕಡಿತವಾಗುವುದಾದರೆ ಆತನು ನಿಲ್ಲಿಸುವನೇ? ಸುರಕ್ಷಿತವಾಗಿ ನಿಲ್ಲಿಸಲು ಜಾಗವಿಲ್ಲದೆ ಹೆದ್ದಾರಿಯ ಅಂಚಿನಲ್ಲಿ ನಿಂತ ಲಾರಿಯೇ ಮತ್ತೊಂದು ವಾಹನಕ್ಕೆ ಮೃತ್ಯುವಾಗಬಲ್ಲದು.

ದುಡಿಮೆಯ ಅವಧಿಗೆ ಕಾನೂನಿನ ಮಿತಿ ಇಲ್ಲದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ವಿಧಿಸಿತ್ತು. 21-11-2025ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಈ ಅಧಿನಿಯಮವು ಅಡಕಗೊಂಡಿದ್ದು, ದಿನಕ್ಕೆ 8 ಗಂಟೆಯ ಮಿತಿ ಮುಂದುವರಿದಿದೆ. ಆದರೆ ಒಂದೇ ವಾಹನವಿಟ್ಟುಕೊಂಡು ತಾನೇ ಚಾಲಕನೂ ಆಗಿರುವ ಮಾಲೀಕನಿಗೆ ಇಂತಹ ಮಿತಿಯನ್ನು ಅನ್ವಯಿಸುವವರು ಯಾರು? ಸಾಲದ ಕಂತು ಕಟ್ಟಬೇಕಾದ ಆತನಿಗೆ ತಾನೇ ಕಠಿಣ ಧಣಿ. ಸಾಧನದ ನಿಜವಾದ ಉಪಯೋಗ ಇರುವುದು ಕಾನೂನಿನ ಕೈಗೆ ಸಿಗದ ಇಂತಹ ಕಡೆಯಲ್ಲಿಯೇ. ಅದನ್ನು ಕೊಳ್ಳುವ ಸಾಮರ್ಥ್ಯ ಅತಿ ಕಡಿಮೆ ಇರುವುದೂ ಅಲ್ಲಿಯೇ. ಕ್ಯಾಬಿನ್ನಿನ ತಾಪವೂ ಆಯಾಸಕ್ಕೆ ಕಾರಣವಾದುದರಿಂದ, 01-10-2025ರಿಂದ ತಯಾರಾಗುವ ಮಧ್ಯಮ ಹಾಗೂ ಭಾರಿ ಸರಕು ವಾಹನಗಳಿಗೆ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯಗೊಳಿಸಿರುವುದು ಗಮನಾರ್ಹ. ಎಚ್ಚರಿಕೆಯ ಗಂಟೆಗಿಂತ ಇದರಿಂದಲೇ ಹೆಚ್ಚು ಪ್ರಯೋಜನವಾದರೂ ಆಶ್ಚರ್ಯವಿಲ್ಲ.

ಚಾಲನಾ ಅನುಜ್ಞಾಪತ್ರಕ್ಕೆ ಅರ್ಜಿ ಸಲ್ಲಿಸುವವರು ನಮೂನೆ 1ರಲ್ಲಿ ಮೂರ್ಛೆ, ಹಠಾತ್ ಪ್ರಜ್ಞೆ ತಪ್ಪುವಿಕೆ ಮತ್ತು ತಲೆಸುತ್ತಿನ ಕುರಿತಾದ ಪ್ರಶ್ನೆಗೆ ಉತ್ತರಿಸುವುದನ್ನು ಕೇವಲ ವಿಧಿಯೆಂದು ಭಾವಿಸಬಾರದು. ಗಟ್ಟಿಯಾದ ಗೊರಕೆ, ನಿದ್ರೆಯಲ್ಲಿ ಉಸಿರು ಕಟ್ಟಿದಂತಾಗುವುದು, ಹಗಲಿನಲ್ಲಿ ಕುಳಿತಲ್ಲೇ ತೂಕಡಿಕೆ ಇರುವವರು ವೈದ್ಯರನ್ನು ಕಾಣುವುದು ಸೂಕ್ತ. ಈ ತೊಂದರೆಗೆ ಚಿಕಿತ್ಸೆ ಇದೆ.

ಯಾತ್ರೆ, ವಿವಾಹ ಮುಂತಾದ ಕಾರ್ಯಗಳಿಗೆ ವಾಹನವನ್ನು ಬಾಡಿಗೆಗೆ ಪಡೆಯುವ ಸಾರ್ವಜನಿಕರು ಅರ್ಹತಾ ಪತ್ರ ಮತ್ತು ರಹದಾರಿಯ ಜೊತೆಗೆ, ಚಾಲಕನು ಹಿಂದಿನ ರಾತ್ರಿ ಎಲ್ಲಿದ್ದನೆಂಬುದನ್ನೂ ವಿಚಾರಿಸತಕ್ಕದ್ದು. ರಾತ್ರಿಯಿಡೀ ವಾಹನ ಓಡಿಸಿ, ಪ್ರಯಾಣಿಕರು ದರ್ಶನಕ್ಕೆ ಹೋದಾಗ ಬಿಸಿಲಿನಲ್ಲಿ ಸೀಟಿನ ಮೇಲೆಯೇ ಮೈಚಾಚಿದ ಚಾಲಕನು ಅದೇ ಸಂಜೆ ಮರುಪ್ರಯಾಣ ಹೊರಡುವುದು ನಮ್ಮಲ್ಲಿ ವಾಡಿಕೆಯಾಗಿದೆ. ಕೊಠಡಿ ಕಾಯ್ದಿರಿಸುವಾಗ ಚಾಲಕನಿಗೂ ಒಂದು ಹಾಸಿಗೆಯನ್ನು ಸೇರಿಸುವುದು, ದೂರ ಹೆಚ್ಚಿದ್ದಲ್ಲಿ ಎರಡನೆಯ ಚಾಲಕನನ್ನು ಕೇಳುವುದು ಮತ್ತು ರಾತ್ರಿ 2ರಿಂದ 5ರವರೆಗೆ ವಾಹನ ನಿಂತಿರುವಂತೆ ಪ್ರಯಾಣವನ್ನು ಯೋಜಿಸುವುದು ಸಾಧ್ಯ. ಹೆದ್ದಾರಿಯಲ್ಲಿ ಕೆಟ್ಟು ನಿಂತ ವಾಹನ ಕಂಡುಬಂದಲ್ಲಿ ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೂ, ತುರ್ತು ಸಂದರ್ಭದಲ್ಲಿ 112ಕ್ಕೂ ಕರೆ ಮಾಡಬಹುದಾಗಿದೆ.