ಹಿತ್ತಲ ತರಕಾರಿಯ ಬೀಜ: ಉಳಿದ ಕಾಯಿಯೋ, ಆರಿಸಿದ ಕಾಯಿಯೋ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ರೈತರಿಗೆ ಜೋಳದ ಒಳ್ಳೆಯ ತೆನೆಗಳನ್ನು ಆರಿಸಿ ಬೀಜಕ್ಕೆಂದು ಬೇರೆಯಾಗಿ ಕಟ್ಟಿಡುವ ಕ್ರಮವನ್ನು ಯಾರೂ ಕಲಿಸಬೇಕಾದುದಿಲ್ಲ. ಆದರೆ ಅದೇ ಮನೆಗಳ ಹಿತ್ತಲಿನಲ್ಲಿ ಹೀರೆ, ಬದನೆ, ಬೆಂಡೆ, ಅವರೆಗಳಿಗೆ ಬೀಜ ಹಿಡಿಯುವ ರೀತಿಯೇ ಬೇರೆಯಾಗಿರುತ್ತದೆ. ಅಂದವಾದ ಎಳೆಗಾಯಿಗಳೆಲ್ಲವೂ ಸಾರಿಗೂ ಸಂತೆಗೂ ಹೋಗುತ್ತವೆ. ಬಳ್ಳಿಯು ಒಣಗುವ ಕಾಲಕ್ಕೆ ಎಲೆಯ ಮರೆಯಲ್ಲಿ ಬಲಿತುಹೋದ ಒಂದೆರಡು ಸೊಟ್ಟಗಾಯಿಗಳು ಬೀಜಕ್ಕೆ ನಿಲ್ಲುತ್ತವೆ. ವರ್ಷವರ್ಷವೂ ಹೀಗೆ ನಡೆದರೆ ತಳಿಯು ಕೆಡದೆ ಮತ್ತೇನಾದೀತು? ಜವಾರಿ ಬೀಜದಲ್ಲಿ ಸತ್ವವಿಲ್ಲವೆಂದು ದೂರುವವರು ಮೊದಲು ಈ ವಾಡಿಕೆಯನ್ನು ವಿಚಾರಿಸತಕ್ಕದ್ದು.

ಬೀಜಕ್ಕೆ ಮೊದಲು ಗಿಡವನ್ನು ಆರಿಸಬೇಕು. ಕಾಯಿಯನ್ನು ಆರಿಸುವುದು ಆಮೇಲಿನ ಮಾತು. ಪೈರು ಕಾಯಿಬಿಡಲಾರಂಭಿಸಿದ ಕೂಡಲೇ ರೋಗವಿಲ್ಲದ, ಬೇಗ ಫಲಕ್ಕೆ ಬಂದ, ಹೆಚ್ಚು ಕಾಯಿ ಹಿಡಿದ ಐದಾರು ಗಿಡಗಳಿಗೆ ದಾರ ಕಟ್ಟಿ ಗುರುತು ಮಾಡಬೇಕು. ಎಲೆಯ ನರಗಳು ಹಳದಿಗೆ ತಿರುಗಿದ ಬೆಂಡೆಯ ಗಿಡವನ್ನು ಎಂದಿಗೂ ಆರಿಸಬಾರದು. ಗುರುತಿನ ಗಿಡದ ಕಾಯಿಗಳನ್ನು ಅಡಿಗೆಗೆ ಕೀಳಬಾರದೆಂದು ಮನೆಯ ಹೆಂಗಸರಿಗೂ ಮಕ್ಕಳಿಗೂ ತಿಳಿಸಿರಬೇಕು. ಬದನೆಯು ಹಳದಿಯಾಗಿ ಮೆತ್ತಗಾಗುವವರೆಗೂ, ಹೀರೆಯು ಬಳ್ಳಿಯಲ್ಲಿಯೇ ಒಣಗಿ ಅಲುಗಿಸಿದರೆ ಸದ್ದುಮಾಡುವವರೆಗೂ ಬಿಡತಕ್ಕದ್ದು.

ಹೀರೆಯ ವಿಷಯದಲ್ಲಿ ಒಂದು ತೊಡಕುಂಟು. ಕಳೆದ ವರ್ಷ ಸಿಹಿಯಾಗಿದ್ದ ಬಳ್ಳಿಯ ಬೀಜದಿಂದಲೇ ಈ ವರ್ಷ ಕಹಿಗಾಯಿ ಬಂದಿತೆಂದೂ, ಇದು ನೆಲದ ದೋಷವೆಂದೂ ಸಂಚಾರದಲ್ಲಿ ಅನೇಕರು ನನ್ನೊಡನೆ ಹೇಳಿರುವರು. ನೆಲವು ಇದಕ್ಕೆ ಕಾರಣವಲ್ಲ. ಬೇಲಿಯಲ್ಲಿ ತಾನಾಗಿ ಹಬ್ಬುವ ಕಹಿಹೀರೆಯ ಪರಾಗವನ್ನು ಹುಳುಗಳು ಹಿತ್ತಲಿನ ಹೆಣ್ಣು ಹೂವಿಗೆ ತಂದಿರುತ್ತವೆ. ಕಾಯಿಯ ತಿರುಳು ತಾಯಿಬಳ್ಳಿಯದಾದುದರಿಂದ ಆ ವರ್ಷ ರುಚಿ ಕೆಡುವುದಿಲ್ಲ. ಬೀಜದೊಳಗೆ ಅಡಗಿದ ಕಹಿಯು ಮುಂದಿನ ವರ್ಷದ ಬಳ್ಳಿಯಲ್ಲಿ ಹೊರಬೀಳುತ್ತದೆ. ಹೀರೆಯ ಹೂವು ಸಂಜೆಯಲ್ಲಿ ಅರಳುವುದು. ಅಂದು ಅರಳತಕ್ಕ ಗಂಡು ಮೊಗ್ಗನ್ನೂ, ಬುಡದಲ್ಲಿ ಎಳೆಮಿಡಿಯುಳ್ಳ ಹೆಣ್ಣು ಮೊಗ್ಗನ್ನೂ ಮಧ್ಯಾಹ್ನವೇ ತೆಳುಬಟ್ಟೆಯಿಂದ ಮುಚ್ಚಿ ಕಟ್ಟಿ, ಅರಳಿದೊಡನೆ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಸವರಿ, ಹೆಣ್ಣು ಹೂವನ್ನು ಮತ್ತೆ ಎರಡು ದಿನ ಕಟ್ಟಿಡಬೇಕು. ಐದಾರು ಕಾಯಿಗಳಿಗೆ ಹೀಗೆ ಮಾಡಿದರೆ ಒಂದು ಕೇರಿಗೆ ಸಾಲುವಷ್ಟು ಶುದ್ಧ ಬೀಜವು ದೊರೆಯುವುದು.

ತೆಗೆದ ಬೀಜವನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಒಣಬೂದಿಯೊಡನೆ ಗಾಳಿಯಾಡದ ಪಾತ್ರೆಯಲ್ಲಿ ತಂಪಾದ ಕಡೆ ಇಡತಕ್ಕದ್ದು. ಬೀಜದ ತೇವವು ಶೇಕಡ ಒಂದರಷ್ಟು ಇಳಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುವುದೆಂಬುದು ಬೀಜಶಾಸ್ತ್ರದ ನಿಯಮ. ಆದರೂ ಈರುಳ್ಳಿಯ ಬೀಜವನ್ನು ಒಂದು ವರ್ಷದ ಮೇಲೆ ನಂಬಬಾರದು. ಬಿತ್ತುವ ಮುನ್ನ ೫೦ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆಗಳನ್ನು ಎಣಿಸಿದರೆ ಸಂದೇಹವು ತೀರುವುದು.

ಅಂಗಡಿಯಲ್ಲಿ ಒಳ್ಳೆಯ ಹೈಬ್ರಿಡ್ ಬೀಜ ದೊರೆಯುವಾಗ ಇಷ್ಟೊಂದು ಶ್ರಮವೇಕೆಂದು ಕೇಳುವವರುಂಟು. ಒಮ್ಮೆಗೇ ಗಾಡಿ ತುಂಬಿ ಪೇಟೆಗೆ ಕಳುಹಿಸುವ ಬೆಳೆಗೆ ಅದು ಲಾಭಕರವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ಮರಳಿ ಹಿಡಿದ ಬೀಜವು ತಾಯಿಯ ಗುಣವನ್ನು ತಪ್ಪದೆ ಕೊಡದು, ವರ್ಷವರ್ಷವೂ ಕೊಳ್ಳಲೇಬೇಕು. ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕಾಯಿ ಕೊಡುವ ಜವಾರಿಯೇ ಹಿತ್ತಲಿಗೆ ತಕ್ಕುದು. ೨೦೦೧ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜವನ್ನು ಉಳಿಸಿ, ಬಿತ್ತಿ, ಹಂಚಿಕೊಳ್ಳುವ ಹಕ್ಕನ್ನು ರೈತನಿಗೆ ಸ್ಪಷ್ಟವಾಗಿ ಕೊಟ್ಟಿದೆ.

ಈ ಕಾರ್ಯವು ಬಡವನ ಹಿತ್ತಲೊಂದರಿಂದಲೇ ಸಾಧ್ಯವಾಗದೆಂದು ಗ್ರಾಮಪ್ರಮುಖರು ಮನಗಾಣಬೇಕು. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರ್ಕಾರವು ಸಾರಿತು. ಅಂತಹ ವರ್ಷದಲ್ಲಿ ನೀರಿಲ್ಲದ ಹಿತ್ತಲಿನ ಬಳ್ಳಿಯು ಕಾಯಿ ಬಲಿಯುವ ಮೊದಲೇ ಒಣಗುತ್ತದೆ. ಒಂದು ವರ್ಷ ತಪ್ಪಿದ ಬೀಜವು ಆ ಮನೆಗೆ ಶಾಶ್ವತವಾಗಿ ತಪ್ಪಿದಂತೆಯೇ ಸರಿ. ಬಾವಿಯಲ್ಲಿ ನೀರುಳ್ಳ ಭೂಮಾಲೀಕರು ತಮ್ಮ ತೋಟದ ಮೂಲೆಯಲ್ಲಿ ನಾಲ್ಕು ಮಡಿಗಳನ್ನು ಬೀಜಕ್ಕೆಂದೇ ಮೀಸಲಿಡುವುದು ದೊಡ್ಡ ತ್ಯಾಗವೇನೂ ಅಲ್ಲ. ಹುಳುಗಳು ಬೇಲಿಯ ಎಲ್ಲೆಯನ್ನು ಅರಿಯವಾದುದರಿಂದ ಒಂದು ಮನೆಯವರು ಹೀರೆ, ಇನ್ನೊಂದು ಮನೆಯವರು ಸೋರೆ, ಮತ್ತೊಬ್ಬರು ಬದನೆ ಎಂದು ಊರಿನವರು ಬೀಜದ ಹೊಣೆಯನ್ನು ಹಂಚಿಕೊಳ್ಳಬೇಕು. ಬೀಜದ ಬಳ್ಳಿಯ ಸಮೀಪದ ಬೇಲಿಯಲ್ಲಿರುವ ಕಹಿಹೀರೆಯನ್ನು ಹೂಬಿಡುವ ಮೊದಲೇ ಕೀಳಿಸಬೇಕು.

ಬರುವ ಮುಂಗಾರಿನಲ್ಲಿ ಪ್ರತಿಯೊಂದು ಗ್ರಾಮದ ಪ್ರಮುಖರೂ ಒಂದು ತರಕಾರಿಯಿಂದಲಾದರೂ ಈ ಏರ್ಪಾಡನ್ನು ಆರಂಭಿಸಬೇಕೆಂದು ನನ್ನ ಬಿನ್ನಹ. ಬೀಜ ಕೇಳಲು ಬಂದ ನೆರೆಯವಳಿಗೆ ಒಂದು ಹಿಡಿ ಕೊಡುವುದು ನಮ್ಮ ಹಳ್ಳಿಗಳ ಹಿಂದಿನ ಮರ್ಯಾದೆ. ಕೊಡುವ ಆ ಹಿಡಿಯಲ್ಲಿ ಆರಿಸಿದ ಬೀಜವಿರಲಿ.