ಎರಡನೇ ಗೆರೆ

ಹೋದ ತಿಂಗಳು ಮಧುಗಿರಿಗೆ, ಅತ್ತೆ ಮನೆಗೆ ಹೋಗಿದ್ದೆವು. ನಮ್ಮ ಮದುವೆಯಾಗಿ ನಾಲ್ಕು ವರ್ಷ. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಏನಮ್ಮ, ವಿಶೇಷ ಏನಾದ್ರೂ?" ಈ ಸಲ ಹತ್ತು ದಿನ ತಡವಾಗಿತ್ತು. ಮೆಡಿಕಲ್ ಸ್ಟೋರಿನವರು ಪೇಪರಿನಲ್ಲಿ ಸುತ್ತಿಕೊಟ್ಟ ಪ್ರೆಗ್ನೆನ್ಸಿ ಕಿಟ್ ಹಿಡಿದು ಭಾನುವಾರ ಬೆಳಿಗ್ಗೆ ಐದಕ್ಕೇ ಬಚ್ಚಲುಮನೆಗೆ ಹೋದೆ.

ಮೂರು ಹನಿ ಹಾಕಿ ಕಾದೆ. ಒಂದು ಗುಲಾಬಿ ಗೆರೆ ಮೂಡಿತು. ಅದನ್ನೇ ನೋಡುತ್ತಾ ಕೂತವಳಿಗೆ ಎಂಎಸ್ಸಿ ಪಾಠ ನೆನಪಾಯ್ತು. ನಂಬ್ತೀರೋ ಇಲ್ವೋ, ಬಹಳಷ್ಟು ಕಿಟ್‌ಗಳಲ್ಲಿ ಆ ಬಣ್ಣ ಕೊಡೋದು ಚಿನ್ನ!

ಚಿನ್ನ ಅಂದ್ರೆ ಹಳದಿ ಅಲ್ವಾ? ಚಿನ್ನದೊಳಗೆ ಪರಮಾಣುಗಳಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳು ಓಡಾಡಿಕೊಂಡಿರುತ್ತವೆ. ಉರಿಯುವ ಟ್ಯೂಬ್‌ಲೈಟಿನೊಳಗಿನ ಅನಿಲದಂತೆ ಇದೂ ಒಂದು ಬಗೆಯ ಪ್ಲಾಸ್ಮಾ. ಅದರ ಅಂಚಿನಲ್ಲಿ ಅಲೆ ಏಳುತ್ತದೆ. ಗಾಳಿ ಬೀಸುವಾಗ ಸಿರಾದ ಕೆರೆ ನೋಡಿ. ಅಲೆ ಓಡುವುದು ನೀರೂ ಗಾಳಿಯೂ ಕೂಡುವ ಗಡಿಯಲ್ಲಿ. ಆಳಕ್ಕೆ ಇಳಿದಂತೆ ಅಡಗುತ್ತದೆ. ಚಿನ್ನದ ತಗಡಿನ ಮೇಲೆ ಎಲೆಕ್ಟ್ರಾನುಗಳ ಅಲೆಯೂ ಹೀಗೇ. ಲೋಹದ ಮೇಲ್ಮೈಯಲ್ಲಿ ಇಂಥ ಅಲೆ ಇರಬೇಕೆಂದು 1957ರಲ್ಲಿ ರಿಚಿ ಎಂಬ ಭೌತವಿಜ್ಞಾನಿ ಲೆಕ್ಕ ಹಾಕಿ ತೋರಿಸಿದರು.

ಕಿಟ್‌ನಲ್ಲಿರುವ ಚಿನ್ನದ ಕಣವಾದರೋ ಸುಮಾರು 40 ನ್ಯಾನೊಮೀಟರ್, ಅಂದರೆ ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು. ಅಲೆಗೆ ಓಡಲು ಜಾಗವೇ ಇಲ್ಲ. ಸೊಂಟದ ಮೇಲಿನ ಕೊಡದ ನೀರಿನಂತೆ ಇದ್ದಲ್ಲೇ ತುಳುಕುತ್ತದೆ. ಹೆಜ್ಜೆಯ ಲಯ ಕೂಡಿದರೆ ಕೊಡದ ನೀರು ಜೋರಾಗಿ ತುಳುಕುತ್ತೆ ನೋಡಿ, ಈ ಕಣಕ್ಕೆ ಲಯ ಕೂಡುವುದು ಹಸಿರು ಬೆಳಕಿನ ಜೊತೆ. ಹಸಿರನ್ನು ಅದು ನುಂಗಿಬಿಡುತ್ತೆ, ಉಳಿದದ್ದು ನಮಗೆ ಕೆಂಪಾಗಿ ಕಾಣುತ್ತೆ. ಇಂಥ ಕೆಂಪು ಚಿನ್ನದ ದ್ರವವನ್ನು ಫ್ಯಾರಡೆ 1857ರಲ್ಲೇ ಮಾಡಿದ್ದರು. ಬಣ್ಣದ ಲೆಕ್ಕವನ್ನು 1908ರಲ್ಲಿ ಗುಸ್ಟಾವ್ ಮೀ ಬಿಡಿಸಿದರು.

ಕಿಟ್‌ನಲ್ಲಿ ಈ ಕಣಗಳಿಗೆ ಪ್ರತಿಕಾಯ ಅಂಟಿಸಿರುತ್ತಾರೆ. ಮೂತ್ರದಲ್ಲಿ ಎಚ್‌ಸಿಜಿ ಹಾರ್ಮೋನ್ ಇದ್ದರೆ ಅದನ್ನು ಹಿಡಿದುಕೊಂಡು ಹೋಗಿ ಟೆಸ್ಟ್ ಗೆರೆಯಲ್ಲಿ ನಿಲ್ಲುತ್ತವೆ. ಕಂಟ್ರೋಲ್ ಗೆರೆ ಮಾತ್ರ ಹಾರ್ಮೋನ್ ಇರಲಿ ಬಿಡಲಿ, ಬರಲೇಬೇಕು. ಬರದಿದ್ದರೆ ಕಿಟ್ಟೇ ಸರಿಯಿಲ್ಲ ಅಂತ.

ನನಗೆ ಬಂದಿದ್ದು ಅದೊಂದೇ.

ಪಾವಗಡದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವ ತಂಗಿಗೆ ಫೋನ್ ಮಾಡಿದೆ. "ಅಕ್ಕ, ಕಂಟ್ರೋಲ್ ಗೆರೆ ಬಂತು ತಾನೇ? ಹಂಗಾದ್ರೆ ಟೆಸ್ಟ್ ಸರಿಯಾಗೇ ಆಗಿದೆ. ಡಾಕ್ಟರ್ ಹತ್ರ ಹೋಗು. ಒಬ್ಳೇ ಹೋಗ್ಬೇಡ, ಭಾವನೂ ಟೆಸ್ಟ್ ಮಾಡಿಸ್ಕೊಳ್ಳಲಿ" ಅಂದಳು. ನಾಲ್ಕು ವರ್ಷದಲ್ಲಿ ಈ ಮಾತನ್ನು ಯಾರೂ ಆಡಿರಲಿಲ್ಲ. ನಾನೂ ಆಡಿರಲಿಲ್ಲ.

ಹೊರಗೆ ಬಂದರೆ ಅತ್ತೆ ಏನೂ ಕೇಳದೆ ಕಾಫಿ ಲೋಟ ಚಾಚಿದರು. ಅವರ ಕೈಯ ಹಳದಿ ಬಳೆ, ನನ್ನ ಮುಷ್ಟಿಯೊಳಗಿನ ಗುಲಾಬಿ ಗೆರೆ, ಎರಡೂ ಚಿನ್ನವೇ. ಆ ಗೆರೆ ಹೇಳಿದ್ದು ಇಷ್ಟೇ: ಆ ಮೂರು ಹನಿಯಲ್ಲಿ ಸಾಕಷ್ಟು ಹಾರ್ಮೋನ್ ಇರಲಿಲ್ಲ. ಮಿಕ್ಕಿದ್ದನ್ನೆಲ್ಲ ಇಷ್ಟು ದಿನ ನಾನೇ ಸೇರಿಸಿಕೊಂಡು ಓದಿದ್ದೆ.

ವಾಪಸ್ ಬರುವಾಗ ಕೊರಟಗೆರೆ ದಾಟುತ್ತಿದ್ದಂತೆ ಇವರಿಗೆ ತಂಗಿಯ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಗಾಡಿ ಓಡಿಸಿದರು. ಆಮೇಲೆ, "ಬುಧವಾರ ರಜ ಹಾಕ್ತೀನಿ, ಇಬ್ರೂ ಹೋಗೋಣ" ಅಂದರು.