ಕೊಳಾರಕ್ಕೆ ಬೇಕಾದ್ದು ಇನ್ನೂ ದೊಡ್ಡ ರಿಯಾಕ್ಟರ್ ಅಲ್ಲ

ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ಬಗ್ಗೆ ಸಭೆ ಸೇರಿದಾಗಲೆಲ್ಲ ಮಾತು ಎರಡೇ ವಿಷಯಕ್ಕೆ ಬಂದು ನಿಲ್ಲುತ್ತದೆ: ಗಬ್ಬು ವಾಸನೆ ಮತ್ತು ಹೊಲಸು ನೀರು. ಸುತ್ತಲಿನ ಹಳ್ಳಿಯವರು ದೂರು ಕೊಡುತ್ತಾರೆ, ಮಾಲಿನ್ಯ ನಿಯಂತ್ರಣ ಮಂಡಳಿಯವರು ಹೊಲಸು ನೀರು ಶುದ್ಧಗೊಳಿಸುವ ಘಟಕ, ಅಂದರೆ ಇಟಿಪಿ, ನೋಡಿ ಹೋಗುತ್ತಾರೆ. ದೂರೂ ಸರಿ, ತಪಾಸಣೆಯೂ ಸರಿ. ಆದರೆ ಔಷಧಿಗೆ ಕಚ್ಚಾಮಾಲು ತಯಾರಿಸುವ ಕಾರ್ಖಾನೆಗಳಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿಯೇ ಕೂದಲು ಬೆಳ್ಳಗಾದ, ಈಗ ಭಾಲ್ಕಿಯ ಮನೆಯಲ್ಲಿ ಕೂತು ಪೇಪರ್ ಓದುವ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಯಾವುದೇ ಒಂದು ಗಳಿಗೆಯಲ್ಲಿ ಒಂದು ಪಾತ್ರೆಯೊಳಗೆ ಎಷ್ಟು ಲೀಟರ್ ಕುದಿಯುತ್ತಿದೆ? ಇದನ್ನು ಯಾರೂ ಕೇಳುತ್ತಿಲ್ಲ.

ಕೊಳಾರದಲ್ಲಿ ರಿಯಾಕ್ಟರ್ ಎಂದರೆ ಕೈಗಾದ ಅಣು ರಿಯಾಕ್ಟರ್ ಅಲ್ಲ. ಒಳಗೆ ಗಾಜಿನ ಲೇಪ, ಹೊರಗೆ ಜಾಕೆಟ್ ಇರುವ ಉಕ್ಕಿನ ಪಾತ್ರೆ, ನಮ್ಮ ಮಾತಿನಲ್ಲಿ ಜಿಎಲ್‌ಆರ್. 3,000 ಲೀಟರ್‌ನದು ಸಾಮಾನ್ಯ. ಭಾರಿ ಬಿಸಿ ಏಳಿಸುವ ನೈಟ್ರೇಷನ್ ಬ್ಯಾಚ್ ಇದ್ದ ರಾತ್ರಿ ಮೇಲಿನ ಅಡಿಷನ್ ಟ್ಯಾಂಕಿನಿಂದ ಆ್ಯಸಿಡನ್ನು ಸಣ್ಣ ಧಾರೆಯಾಗಿ ತಾಸುಗಟ್ಟಲೆ ಇಳಿಸಬೇಕು. ಜಾಕೆಟ್‌ನಲ್ಲಿ ಕೊರೆಯುವ ಉಪ್ಪುನೀರು, ಅಂದರೆ ಬ್ರೈನ್, ಹರಿಯುತ್ತಿರಬೇಕು. ಔರಾದ್ ಕಡೆಯ ಹೆಲ್ಪರ್ ಒಬ್ಬ ವಾಲ್ವ್ ಮೇಲೆ ಕೈಯಿಟ್ಟು ಕಣ್ಣು ಮಿಟುಕಿಸದೆ ನಿಂತಿರುತ್ತಾನೆ. “ಸರ್, ಮುಳ್ಳು ಮ್ಯಾಲ ಏರ್ಲಕತ್ತದ್ರಿ” ಎಂದು ಉಷ್ಣಮಾಪಕ ನೋಡಿ ಅವನು ಕೂಗಿದನೆಂದರೆ ಓಡಬೇಕು, ಅಡಿಷನ್ ಬಂದ್ ಮಾಡಬೇಕು, ಬ್ರೈನ್ ಪೂರಾ ಬಿಡಬೇಕು. ಅದೇ ಹೊತ್ತಿಗೆ ಕರೆಂಟ್ ಹೋಗಿ ಕಲಕುವ ಅಜಿಟೇಟರ್ ನಿಂತಿತೋ, ಕಲಬೆರೆಯದ ಆ್ಯಸಿಡ್ ಒಂದೆಡೆ ಜಮಾ ಆಗುತ್ತದೆ. ಡೀಸೆಲ್ ಜನರೇಟರ್ ಶುರುವಾಗಿ ಅಜಿಟೇಟರ್ ತಿರುಗಿದ ಕೂಡಲೇ ಅಷ್ಟೂ ಬಿಸಿ ಒಮ್ಮೆಲೇ ಏಳುತ್ತದೆ. ಪಾತ್ರೆ ದೊಡ್ಡದಾದಷ್ಟೂ ಒಳಗಿನ ಬಿಸಿ ಗೋಡೆ ಮುಟ್ಟುವುದು ತಡ.

ಬಶಿಗೆ ಸುರಿದ ಚಹಾ ಕಪ್ಪಿನಲ್ಲಿದ್ದದ್ದಕ್ಕಿಂತ ಬೇಗ ಆರುತ್ತದಲ್ಲ, ಲೆಕ್ಕ ಅದೇ. ಒಂದೂವರೆ ಮೀಟರ್ ಅಗಲದ ಪಾತ್ರೆಯಲ್ಲಿ ಪ್ರತಿ ಘನ ಮೀಟರ್ ದ್ರವಕ್ಕೆ ಸುತ್ತಲ ಗೋಡೆ ಸಿಗುವುದು ಮೂರು ಚದರ ಮೀಟರ್‌ಗೂ ಕಡಿಮೆ. 2 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಾದರೆ 2,000 ಚದರ ಮೀಟರ್. ಫ್ಲೋ ರಿಯಾಕ್ಟರ್ ಎಂಬುದರ ಗುಟ್ಟು ಇಷ್ಟೇ. ಎರಡು ಪಂಪುಗಳು ಎರಡು ದ್ರವಗಳನ್ನು ಸಣ್ಣ ಕೊಳವೆಗೆ ತಳ್ಳುತ್ತವೆ, ಹರಿಯುತ್ತ ಹರಿಯುತ್ತಲೇ ಕ್ರಿಯೆ ಮುಗಿಯುತ್ತದೆ. ನಿಮಿಷಕ್ಕೆ 100 ಮಿಲಿಲೀಟರ್ ಹರಿದು, ಕ್ರಿಯೆಗೆ ಎರಡು ನಿಮಿಷ ಸಾಕಾದರೆ, ಒಳಗಿರುವುದು ಯಾವಾಗಲೂ 200 ಮಿಲಿಲೀಟರ್ ಮಾತ್ರ. ದಿನಕ್ಕೆ ಹೊರಬರುವುದು 144 ಲೀಟರ್. ಇಂಥ ಇಪ್ಪತ್ತು ಸಾಲು ಜೋಡಿಸಿದರೆ ದೊಡ್ಡ ಜಿಎಲ್‌ಆರ್‌ನ ಒಂದು ಬ್ಯಾಚಿನಷ್ಟು ಮಾಲು ದಿನಕ್ಕೆ ಬಂತು. ಒಳಗೆ ಕುದಿಯುವುದು ಎಲ್ಲ ಸೇರಿ ನಾಲ್ಕೇ ಲೀಟರ್. ಒತ್ತಡ, ಉಷ್ಣತೆ ಹದ್ದು ಮೀರಿದರೆ ಸೆನ್ಸರ್ ಪಂಪನ್ನು ತಾನೇ ನಿಲ್ಲಿಸುತ್ತದೆ, ಹೆಲ್ಪರ್ ಕೂಗುವವರೆಗೆ ಕಾಯಬೇಕಿಲ್ಲ.

ಇಲ್ಲದ ವಸ್ತು ಸೋರುವುದಿಲ್ಲ ಎಂಬ ಸರಳ ಸತ್ಯವನ್ನು ಬ್ರಿಟನ್ನಿನ ಸುರಕ್ಷತಾ ತಜ್ಞ ಟ್ರೆವರ್ ಕ್ಲೆಟ್ಜ್ 1970ರ ದಶಕದಲ್ಲೇ ಸಾರಿದ್ದರು. 1984ರ ಅನಿಲ ದುರಂತದ ರಾತ್ರಿ ಭೋಪಾಲದ ಟ್ಯಾಂಕಿನಲ್ಲಿದ್ದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಕೀಟನಾಶಕ ತಯಾರಿಕೆಯ ನಡುವೆ ಬಳಸುವ ವಸ್ತು. ಅಷ್ಟನ್ನು ಕೂಡಿಡದೆ, ಬೇಕಾದಷ್ಟೇ ತಯಾರಿಸಿ ಆಗಲೇ ಬಳಸಿದ್ದರೆ ಆ ರಾತ್ರಿಯ ಕಥೆಯೇ ಬೇರೆ. ಅಮೆರಿಕದ ಎಂಐಟಿ ವಿಜ್ಞಾನಿಗಳು 2016ರಲ್ಲಿ ಫ್ರಿಜ್ ಗಾತ್ರದ ಫ್ಲೋ ಯಂತ್ರದಲ್ಲಿ ಡಯಾಜಿಪಾಮ್, ಲಿಡೊಕೇನ್ ಸೇರಿ ನಾಲ್ಕು ಔಷಧಿ ಮಾಡಿ ತೋರಿಸಿದರು. ಹೀಗೆ ಹರಿಯುತ್ತಲೇ ನಡೆಯುವ ನಿರಂತರ ಉತ್ಪಾದನೆಗೆಂದೇ ಐಸಿಎಚ್ ಕ್ಯು13 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2022ರಲ್ಲಿ ಬಂತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಅಮೋಲ್ ಕುಲಕರ್ಣಿ ಅವರು ಇಂಥ ಸಣ್ಣ ಕೊಳವೆಯ ಮೈಕ್ರೊರಿಯಾಕ್ಟರ್‌ಗಳ ಮೇಲೆ ವರ್ಷಾನುಗಟ್ಟಲೆ ದುಡಿದವರು. 2020ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿಯೂ ಬಂತು. ನಮಗೆ ಪುಣೆಯೇನು ಪರದೇಶವಲ್ಲ.

ಹಾಗೆಂದು ಫ್ಲೋ ರಿಯಾಕ್ಟರ್ ಸರ್ವರೋಗಕ್ಕೂ ಮದ್ದಲ್ಲ. ಕ್ರಿಯೆಯಲ್ಲಿ ಗಟ್ಟಿ ಹರಳು ಕೂತರೆ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತದೆ. ಹತ್ತು ತಾಸು ಬೇಯಬೇಕಾದ ನಿಧಾನದ ಕ್ರಿಯೆಗಳಿಗೆ ಹಳೆಯ ಜಿಎಲ್‌ಆರ್ ಬೇಕೇ ಬೇಕು. ಆ್ಯಸಿಡ್ ತಡೆಯುವ ಪಂಪು, ಕೊಳವೆ ಸೋವಿಯಲ್ಲ. ಇಳುವರಿ ಸುಧಾರಿಸದಿದ್ದರೆ ಮಾಲು ಬೇರ್ಪಡಿಸಿದ ಮೇಲಿನ ದ್ರವ, ಅಂದರೆ ಮದರ್ ಲಿಕ್ಕರ್, ಅಷ್ಟೇ ಉಳಿಯುತ್ತದೆ, ಇಟಿಪಿಯೂ ಅಷ್ಟೇ ದುಡಿಯಬೇಕು. 2025ರ ಜೂನ್ 30ರಂದು ಹೈದರಾಬಾದ್ ರಸ್ತೆಯ ಪಾಶಮೈಲಾರಂನಲ್ಲಿ 40ಕ್ಕೂ ಹೆಚ್ಚು ಕಾರ್ಮಿಕರು ಬಲಿಯಾದ ಸ್ಫೋಟ ಪುಡಿ ಒಣಗಿಸುವ ಘಟಕದ್ದು. ಫ್ಲೋ ರಿಯಾಕ್ಟರ್ ಇದ್ದರೂ ಅದು ತಪ್ಪುತ್ತಿರಲಿಲ್ಲ. ಇಷ್ಟು ಚಿಕ್ಕ ಕಾರ್ಖಾನೆಯನ್ನು ಕಂಟೇನರ್‌ನಲ್ಲಿ ಹೊತ್ತು ಒಯ್ಯಬಹುದು ಎಂದ ಮಾತ್ರಕ್ಕೆ ಔರಾದ್‌ನ ಹೊಲದ ಬದುವಿನಲ್ಲೋ ಕಾರಂಜಾ ಜಲಾಶಯದ ಮಗ್ಗುಲಲ್ಲೋ ಇಳಿಸುವ ಯೋಚನೆಯೂ ಬೇಡ. ತ್ಯಾಜ್ಯ ಸಂಸ್ಕರಣೆ ಎಲ್ಲಿದೆಯೋ ಅಲ್ಲೇ ಅದು ಇರಬೇಕು.

ಇನ್ನೊಂದು ಮಾತನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಯಂತ್ರ ತಾನೇ ನಡೆದರೆ ವಾಲ್ವ್ ಕಾಯುವವನ ಕೆಲಸ ಹೋಗುತ್ತದೆ. ಗುತ್ತಿಗೆದಾರನ ಕೈಕೆಳಗೆ ಡ್ರಮ್ ಹೊರುವ, ಸೆಂಟ್ರಿಫ್ಯೂಜ್ ಬಳಿಯುವ ಔರಾದ್, ಭಾಲ್ಕಿ ಹುಡುಗರಿಗೆ ಅದೇ ಮನೆ ನಡೆಸುವ ಕೂಲಿ. ಆದರೆ ಆ ಕೂಲಿಯನ್ನು ಉಳಿಸಲೆಂದು ಅಪಾಯವನ್ನೂ ಉಳಿಸಿಕೊಳ್ಳಿ ಎನ್ನಲು ನನ್ನ ಬಾಯಿ ಬಾರದು. ಪಂಪ್ ಬಿಚ್ಚಿ ಜೋಡಿಸುವುದು, ಸೆನ್ಸರ್ ಕ್ಯಾಲಿಬ್ರೇಟ್ ಮಾಡುವುದು, ಯಂತ್ರ ನಿಯಂತ್ರಿಸುವ ಪಿಎಲ್‌ಸಿ ಓದುವುದು ಐಟಿಐ ಹುಡುಗ ಕಲಿಯಲಾಗದ ವಿದ್ಯೆಯೇನಲ್ಲ. ಬೀದರ್‌ನಲ್ಲಿ ಗುರುನಾನಕ ದೇವ ಎಂಜಿನಿಯರಿಂಗ್ ಕಾಲೇಜಿದೆ, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಒಂದು ಪಾಲು ಇಲ್ಲಿ ಸಾಮೂಹಿಕ ಫ್ಲೋ ಪ್ರಯೋಗಾಲಯಕ್ಕೆ ಹೋಗಲಿ. ಸಣ್ಣ ಕಾರ್ಖಾನೆಯ ಮಾಲೀಕ ಕೋಟಿ ಸುರಿಯುವ ಮೊದಲು ತನ್ನ ಕ್ರಿಯೆಯನ್ನು ಅಲ್ಲಿ ಬಾಡಿಗೆ ಕೊಟ್ಟು ಪರೀಕ್ಷಿಸಲಿ, ಈಗಿನ ಹೆಲ್ಪರ್‌ಗಳಿಗೆ ಅಲ್ಲೇ ಪಗಾರ ಸಹಿತ ತರಬೇತಿ ಸಿಗಲಿ.

ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸ ಆಗಬಹುದು. ಕಾರ್ಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಸಮ್ಮತಿ ಪತ್ರದಲ್ಲಿ ಯಾವ ಮಾಲು, ಎಷ್ಟು ಉತ್ಪಾದನೆ ಎಂಬುದು ಇರುತ್ತದೆ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ದಾಸ್ತಾನಿನ ಮಿತಿ ನೋಡುತ್ತವೆ. ಒಂದು ಪಾತ್ರೆಯಲ್ಲಿ ಒಮ್ಮೆಲೇ ಏಳಬಹುದಾದ ಬಿಸಿ ಮಾತ್ರ ಎರಡರ ಕಣ್ಣಿಗೂ ಬೀಳುವುದಿಲ್ಲ. 2023ರಿಂದ ಪರಿಸರ ಖಾತೆಯನ್ನೂ ಜಿಲ್ಲಾ ಉಸ್ತುವಾರಿಯನ್ನೂ ಹೊತ್ತ ಈಶ್ವರ ಖಂಡ್ರೆ ಅವರು ಭಾಲ್ಕಿಯ ಶಾಸಕರೇ. ಸಮ್ಮತಿಯ ಅರ್ಜಿಗೆ ಅವರು ಒಂದು ಕಾಲಂ ಸೇರಿಸಲಿ: ನೈಟ್ರೇಷನ್, ಡಯಜೋಟೈಸೇಷನ್, ಹೈಡ್ರೋಜಿನೇಷನ್‌ನಂಥ ಬಿಸಿ ಏಳಿಸುವ ಕ್ರಿಯೆಗಳಲ್ಲಿ ಯಾವುದೇ ಗಳಿಗೆಯಲ್ಲಿ ರಿಯಾಕ್ಟರ್‌ನೊಳಗಿರುವ ಗರಿಷ್ಠ ಪ್ರಮಾಣ ಎಷ್ಟು? ಅದನ್ನು ಇಳಿಸಿದವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡಿ, ಇಳಿಸಲು ಆಗದವರಿಂದ ಲಿಖಿತ ಕಾರಣ ಪಡೆಯಿರಿ. ಆ ಅಂಕಿಯನ್ನು ಕಾರ್ಖಾನೆಯ ಗೇಟಿನ ಮೇಲೆ ಕನ್ನಡದಲ್ಲಿ ಬರೆಸಿದರೆ, ಒಳಗೆ ಹೋಗುವ ಹೆಲ್ಪರ್‌ಗೂ ಹೊರಗಿರುವ ಹಳ್ಳಿಗೂ ತಾವು ಎಷ್ಟರ ಪಕ್ಕದಲ್ಲಿದ್ದೇವೆ ಎಂಬುದು ತಿಳಿಯುತ್ತದೆ.